ಅಂಚು ಸವೆಯದ ಟೈರು

ನಿನ್ನೆ ಬೆಳಿಗ್ಗೆ ಗ್ಯಾರೇಜಿನ ಶೆಟರ್ ಎತ್ತುತ್ತಿದ್ದ ಹಾಗೇ ಒಬ್ಬ ಬಂದು ಬೈಕ್ ನಿಲ್ಲಿಸಿದ. ದೊಡ್ಡ ಗಾಡಿ. ನಿಲ್ಲಿಸಿದ ಮೇಲೂ ಎರಡು ಸಲ ಸುಮ್ಮನೆ ರೇಸ್ ಮಾಡಿದ, ಎದುರು ಹೋಟೆಲಿನಲ್ಲಿ ಇಡ್ಲಿ ತಿನ್ನುವವರೆಲ್ಲ ತಿರುಗಿ ನೋಡಲಿ ಅಂತ. ನೋಡಿದರು. ಮತ್ತೆ ಇಡ್ಲಿ ತಿಂದರು.

"ಪಿಕಪ್ ಸಾಲ್ತಾ ಇಲ್ಲ ಅಣ್ಣ. ಇಂಜಿನ್ ಬಿಚ್ಚು, ಏನಾದ್ರೂ ಮಾಡು" ಅಂದ.

ನಾನು ಇಂಜಿನ್ ನೋಡಲಿಲ್ಲ. ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲೆ ಹೆಬ್ಬೆರಳು ಆಡಿಸಿದೆ. ನಡುಭಾಗ ಸವೆದು ಹಲಗೆಯ ಹಾಗೆ ಚಪ್ಪಟೆಯಾಗಿತ್ತು. ಹೊಸ ಟೈರಿನ ಮೈಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತವಲ್ಲ, ಅವು ಎರಡೂ ಅಂಚಿನಲ್ಲಿ ಒಂದೂ ಉದುರದೆ ನಿಂತಿದ್ದವು. ಇಂಥದೇ ಟೈರನ್ನು ನಾನು ಮೊದಲೇ ನೋಡಿದ್ದೆ. ಆರು ವರ್ಷದ ಹಿಂದೆ ನನ್ನ ಗಾಡಿಯಲ್ಲೇ ಇತ್ತು.

ನಿಮಗೆ ಗಾಡಿ ವಿಷಯ ಗೊತ್ತಿಲ್ಲದಿದ್ದರೆ ಇಷ್ಟು ತಿಳಿದರೆ ಸಾಕು. ನೆಟ್ಟಗೆ ಓಡಿಸಿದರೆ ಟೈರಿನ ನಡು ಸವೆಯುತ್ತದೆ. ತಿರುವಿನಲ್ಲಿ ವಾಲಿಸಿ ಓಡಿಸಿದರೆ ಅಂಚು ಸವೆಯುತ್ತದೆ. ಇಷ್ಟು ತಿಳಿಯಲು ನನಗೆ ಐದು ವರ್ಷ ಹಿಡಿಯಿತು. ಆ ಐದೂ ವರ್ಷ ಟೈರು ಬಿಚ್ಚುವುದೇ ನನ್ನ ಕೆಲಸವಾಗಿತ್ತು, ಅದು ಬೇರೆ.

ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವನು ನಾನು. ಹಿರಿಯೂರಿನ ಬುಡೇನ್ ಮೇಸ್ತ್ರಿಯ ಗ್ಯಾರೇಜಿಗೆ ಸೇರಿದೆ. ಪಂಚರು, ಆಯಿಲು, ಚೈನು, ಇಷ್ಟೇ ನನ್ನ ಪಾಲು. ಇಂಜಿನ್ ಬಿಚ್ಚುವ ಸ್ಪ್ಯಾನರುಗಳು ಒಂದು ಹಸಿರು ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಗೆ ಬೀಗ, ಬೀಗದ ಕೈ ಮೇಸ್ತ್ರಿಯ ಉಡಿದಾರದಲ್ಲಿ. "ನಂಗ್ಯಾವಾಗ ಕೊಡ್ತೀರಿ?" ಅಂತ ಕೇಳಿದಾಗೆಲ್ಲ "ಗಾಡಿ ಅರ್ಥ ಆದ್ಮೇಲೆ" ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಗಾಡಿಯೇನು ಹೆಂಗಸಾ, ಅರ್ಥ ಮಾಡಿಕೊಳ್ಳಲು? ಬಿಚ್ಚಬೇಕು, ಜೋಡಿಸಬೇಕು.

ಅದಕ್ಕೇ ಅವರಿಗೆ ಹೇಳದೆ ನನ್ನ ಗಾಡಿಯನ್ನು ಚಿತ್ರದುರ್ಗದ ಒಂದು ಲೇತ್ ಅಂಗಡಿಗೆ ಒಯ್ದು, ಇಂಜಿನ್ ಬಿಚ್ಚಿಸಿ, ಬೋರ್, ಅಂದರೆ ಪಿಸ್ಟನ್ ಆಡುವ ತೂತು, ದೊಡ್ಡದು ಮಾಡಿಸಿದೆ. ದೊಡ್ಡ ಪಿಸ್ಟನ್, ದೊಡ್ಡ ಕಾರ್ಬೊರೇಟರು. ಸೈಲೆನ್ಸರಿನ ಒಳಗಿದ್ದುದನ್ನೆಲ್ಲ ಕಿತ್ತು ಗುಜರಿಗೆ ಹಾಕಿದೆ. ಆಮೇಲೆ ನಾನು ಬೀದಿಗೆ ಬಂದರೆ ನಾಯಿಗಳು ಅಟ್ಟಿಸಿಕೊಂಡು ಬರುತ್ತಿರಲಿಲ್ಲ, ಎದ್ದು ಓಡಿ ಹೋಗುತ್ತಿದ್ದವು. ಅದನ್ನು ನಾನು ಮರ್ಯಾದೆ ಅಂದುಕೊಂಡಿದ್ದೆ.

ಇನ್ನು ಗಂಗಕ್ಕ. ಮಾಡದಕೆರೆ ಕಡೆಯವಳು, ನಲವತ್ತು ದಾಟಿತ್ತು, ಸೇವಂತಿಗೆ ಬೆಳೆಯುತ್ತಿದ್ದಳು. ದಿನಾ ಬೆಳಿಗ್ಗೆ ಹಳೇ ನೂರು ಸಿ.ಸಿ. ಗಾಡಿಗೆ ಎರಡು ಚೀಲ ಹೂವು ಕಟ್ಟಿ, ಮಾರಿಕಣಿವೆ ಗುಡ್ಡದ ದಾರಿಯಲ್ಲಿ ಹಿರಿಯೂರಿಗೆ ಬಂದು ಎಂಟು ಗಂಟೆಯ ಬಸ್ಸಿಗೆ ಹಾಕುತ್ತಿದ್ದಳು. ಚೂಡಿದಾರದ ಮೇಲೆ ಗಂಡನ ತುಂಬುತೋಳಿನ ಶರ್ಟು, ತಲೆಗೆ ಗಾಜಿಲ್ಲದ ಹೆಲ್ಮೆಟ್ಟು. ಆ ಗಾಡಿಯ ಇಂಜಿನ್ ಸದ್ದು ಕೇಳಿದರೆ ಯಾರೋ ವಯಸ್ಸಾದವರು ಪಕ್ಕದ ರೂಮಿನಲ್ಲಿ ಕೆಮ್ಮುತ್ತಿದ್ದಾರೆ ಅನಿಸುತ್ತಿತ್ತು.

ಅವಳ ಟೈರಿನ ಪಂಚರು ನಾನೇ ಹಾಕುತ್ತಿದ್ದೆ. ಅಂಚೆಲ್ಲ ಬೋಳು, ನಡು ಮಾತ್ರ ಚೆನ್ನಾಗಿರುತ್ತಿತ್ತು. ನಾನು ದೊಡ್ಡ ಮೆಕ್ಯಾನಿಕ್ ಅಲ್ಲವಾ, ಹೇಳಿದೆ: "ಅಕ್ಕ, ನಿಮ್ ಗಾಡಿ ಚಾಸಿ ಬಗ್ಗೈತೆ. ಟೈರು ಒಂದೊಂದ್ಕಡೆ ತಿಂತಾ ಐತೆ. ಬಿಟ್ಟೋಗ್ರಿ, ನೆಟ್ಟಗೆ ಮಾಡ್ಕೊಡ್ತೀನಿ."

"ಎರಡೂ ಕಡೆ ಬಗ್ಗಿದ್ರೆ ನೆಟ್ಟಗೇ ಇದ್ದಂಗಲ್ಲೇನಪ್ಪ?" ಅಂದು ಹೋದಳು. ಒಳಗೆ ಮೇಸ್ತ್ರಿ ಟೀ ಕುಡಿಯುತ್ತಿದ್ದರು. ನಕ್ಕು ಟೀ ಮೂಗಿಗೆ ಏರಿಸಿಕೊಂಡರು. ಯಾಕೆ ನಕ್ಕರು ಅಂತ ನನಗೆ ಆಗ ಗೊತ್ತಾಗಲಿಲ್ಲ.

ಆ ವರ್ಷ ಊರಾಚೆ ಒಂದು ಹೊಸ ಲೇಔಟ್ ಎದ್ದಿತು. ಎದ್ದಿತು ಅಂದರೆ ಮನೆಗಳಲ್ಲ. ನುಣ್ಣಗೆ ಟಾರು ರಸ್ತೆ, ಹಳದಿ ಬಣ್ಣದ ಗಡಿಕಲ್ಲು, ಒಂದು ದೊಡ್ಡ ಬೋರ್ಡು. ಸೈಟು ಕೊಳ್ಳಲು ನರಪಿಳ್ಳೆ ಬಂದಿರಲಿಲ್ಲ. ಜನ ಸೇರಿಸಬೇಕಲ್ಲ, ಮಾಲೀಕರು ಆ ಖಾಲಿ ರಸ್ತೆಗಳಲ್ಲೇ ಬೈಕ್ ರೇಸ್ ಇಟ್ಟರು. ಹತ್ತು ಸುತ್ತು, ಹೆಲ್ಮೆಟ್ ಕಡ್ಡಾಯ, ಗೆದ್ದವರಿಗೆ ಒಂದು ಜೊತೆ ಹೊಸ ಟೈರು.

ನಾನು ಮೇಸ್ತ್ರಿಯ ಮುಂದೆ ನಿಂತೆ. "ಗೆದ್ರೆ ಪೆಟ್ಟಿಗೆ ಬೀಗದ್ ಕೈ ಕೊಡ್ತೀರಾ?"

"ಕೊಡ್ತೀನಿ. ಸೋತ್ರೆ?"

"ಸೋತ್ರೆ ಇನ್ನೊಂದ್ ವರ್ಷ ಪಂಚರ್ ಹಾಕ್ತೀನಿ. ಇಂಜಿನ್ ಮಾತೆತ್ತಲ್ಲ."

"ಬರ್ಕೊಡು."

"ನಂಗ್ ಬರಿಯಾಕೆ ಸರಿಯಾಗಿ ಬರಲ್ಲ ಅಂತ ಗೊತ್ತಲ್ಲ ನಿಮಗೆ."

"ಅದಕ್ಕೇ ಕೇಳಿದ್ದು" ಅಂದರು.

ರೇಸಿನ ದಿನ ಎಂಟು ಗಾಡಿ ಬಂದವು. ಹೊಸದುರ್ಗದಿಂದ ಇಬ್ಬರು, ಹೊಳಲ್ಕೆರೆಯಿಂದ ಒಬ್ಬ, ಉಳಿದವರು ನಮ್ಮೂರಿನವರು. ಎಂಟನೆಯದು ಗಂಗಕ್ಕ. ಹೂವು ಬಸ್ಸಿಗೆ ಹಾಕಿ ನೇರ ಬಂದಿದ್ದಳು. ಹಿಂದಿನ ಕ್ಯಾರಿಯರಿನಲ್ಲಿ ಖಾಲಿ ಚೀಲ ಮಡಚಿ ಕಟ್ಟಿದ್ದು ಹಾಗೇ ಇತ್ತು.

"ಅಕ್ಕ, ಇದು ರೇಸು" ಅಂದೆ.

"ಗೊತ್ತಪ್ಪ. ಟೈರ್ ಕೊಡ್ತಾರಂತಲ್ಲ. ನಂದು ಹೋಗೈತೆ, ನೀನೇ ಹೇಳಿದ್ಯಲ್ಲ."

ಬಾವುಟ ಬಿತ್ತು. ನಾನು ಬಾಣದ ಹಾಗೆ ಹೋದೆ. ಹಿಂದೆ ಯಾರೂ ಕಾಣಲಿಲ್ಲ. ಅಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು. ಆದರೆ ಆ ಲೇಔಟಿನ ಅತಿ ಉದ್ದದ ರಸ್ತೆ ಬರೀ ಹನ್ನೆರಡು ಸೈಟಿನಷ್ಟು. ಇಂಜಿನ್ ಹುಮ್ಮಸ್ಸಿಗೆ ಬರುವಷ್ಟರಲ್ಲಿ ತಿರುವು ಬಂತು. ಬ್ರೇಕ್ ಹಿಡಿದೆ. ಹಲಗೆಯಂಥ ಟೈರು, ವಾಲಿಸಿದರೆ ವಾಲಲಿಲ್ಲ. ಗಾಡಿ ನೆಟ್ಟಗೆ ಹೋಗಿ ಎರಡು ಗಡಿಕಲ್ಲಿನ ನಡುವೆ ನುಗ್ಗಿ ಜಾಲಿ ಮುಳ್ಳಿನಲ್ಲಿ ನಿಂತಿತು.

ಮಾಲೀಕರ ಕೈಲಿ ಮೈಕಿತ್ತು. "ನೋಡ್ರಿ, ನಮ್ ಸೈಟು ಎಷ್ಟು ಉದ್ದ ಐತೆ ಅಂತ ಹುಡುಗ ಅಳತೆ ಮಾಡಿ ತೋರಿಸ್ತಾ ಇದಾನೆ!"

ಮುಳ್ಳು ಕಿತ್ತುಕೊಂಡು ಎದ್ದು ಮತ್ತೆ ಹೋದೆ. ನೆಟ್ಟನೆಯ ರಸ್ತೆಯಲ್ಲಿ ಗಂಗಕ್ಕನನ್ನು ಹಿಂದೆ ಹಾಕಿದೆ. ತಿರುವಿನಲ್ಲಿ ನಾನು ಬ್ರೇಕ್ ಹಿಡಿದು, ಗೇರ್ ಇಳಿಸಿ, ಕಾಲು ಕೆಳಗೆ ಕೊಟ್ಟು, ಎತ್ತಿನ ಗಾಡಿ ತಿರುಗಿಸಿದ ಹಾಗೆ ತಿರುಗಿಸುತ್ತಿದ್ದರೆ ಅವಳು ಕೆಮ್ಮುವ ಗಾಡಿಯನ್ನು ಒಂದು ಕಡೆ ಮಲಗಿಸಿಕೊಂಡು ಪಕ್ಕದಲ್ಲೇ ಹೋದಳು. ಸದ್ದು ಏರಲಿಲ್ಲ, ಇಳಿಯಲೂ ಇಲ್ಲ. ಮತ್ತೆ ಹಿಂದೆ ಹಾಕಿದೆ, ಮತ್ತೆ ತಿರುವು, ಮತ್ತೆ ಅವಳು. ಐದನೇ ಸುತ್ತಿಗೆ ಹೋಗುತ್ತಾ ಹಾರ್ನ್ ಬೇರೆ ಹೊಡೆದಳು. ಏಳನೆಯದರಲ್ಲಿ ನಾನು ಹಟಕ್ಕೆ ಬ್ರೇಕನ್ನೇ ಬಿಟ್ಟೆ. ಅದೇ ತಿರುವು, ಅದೇ ಸೈಟು, ಅದೇ ಜಾಲಿ.

"ಆ ಸೈಟು ಅವನಿಗೇ ಬರೀರಿ!" ಅಂತ ಜನ ಕೂಗಿದರು.

ಸೋತೆ. ಮೇಸ್ತ್ರಿ ನನ್ನ ಬೆನ್ನಿನಿಂದ ಮುಳ್ಳು ಕೀಳುತ್ತಿದ್ದರು. "ಕಾರ್ಬೊರೇಟರಾಗೆ ಕಸ ಸಿಕ್ಕಂಡಿತ್ತು" ಅಂದೆ. "ಹೂಂ, ಸಿಕ್ಕಂಡಿರ್ತೈತೆ" ಅಂದು ಮುಂದಿನ ಮುಳ್ಳನ್ನು ಸ್ವಲ್ಪ ಜೋರಾಗಿ ಕಿತ್ತರು.

ಮಾರನೆಯ ದಿನ ಗಂಗಕ್ಕ ಗೆದ್ದ ಟೈರು ಹಾಕಿಸಲು ಬಂದಳು. ಹಾಕುವವನು ಯಾರು? ನಾನೇ. ಅವಳ ಹಳೇ ಟೈರು ಬಿಚ್ಚಿ ಕೈಲಿ ಹಿಡಿದಾಗ ಅಂಚು ಬೋಳಾಗಿದ್ದು ಯಾಕೆ ಅಂತ ಕೊನೆಗೂ ತಲೆಗೆ ಹೋಯಿತು. ನಾಚಿಕೆ ಬಿಟ್ಟು ಕೇಳಿದೆ. "ತಿರುವಿನಾಗೆ ಬ್ರೇಕೇ ಹಿಡಿಯಲ್ವೇನಕ್ಕ?"

"ತಿರುವಿಗ್ ಮುಂಚೆ ಒಂಚೂರು ಹಿಡೀತೀನಿ. ಒಳಗೋದ್ಮೇಲೆ ಹಿಡಿಯಲ್ಲ. ನನ್ ಗಾಡಿಗೆ ದಮ್ಮೆಲ್ಲೈತೆ ತಮ್ಮ? ಮಾರಿಕಣಿವೆ ಏರಿನಾಗೆ ಒಂದ್ಸಲ ಓಟ ಕಳ್ಕಂಡ್ರೆ ಎರಡೂ ಚೀಲ ಇಳಿಸಿ ತಳ್ಬೇಕು. ಅಷ್ಟೊತ್ತಿಗೆ ಬಸ್ ಹೋಗಿರ್ತೈತೆ, ಹೂವ ಯಾರಿಗ್ ಮುಡಿಸ್ಲಿ? ಅದಕ್ಕೇ ಇರೋ ಓಟಾನ ಉಳಿಸ್ಕಂಡು ಬರ್ತೀನಿ. ನಿಂಗೇನಪ್ಪ, ಕಳ್ಕಂಡ್ರೂ ನಿನ್ ಗಾಡಿ ಮತ್ತೆ ಕೊಡ್ತೈತೆ. ಅದಕ್ಕೇ ನೀನು ಕಲ್ತಿಲ್ಲ."

ಮುಂದಿನ ಭಾನುವಾರ ಮಾಡದಕೆರೆಗೆ ಹೋದೆ. ಹೂವಿನ ಚೀಲ ಕಟ್ಟಿ ತನ್ನ ಗಾಡಿ ನನಗೆ ಕೊಟ್ಟು, ನನ್ನದನ್ನು ಅವಳು ಹತ್ತಿದಳು. "ಇದೇನು ಹಿಂಗ್ ಬೈತೈತೆ?" ಅಂದಳು, ಅಷ್ಟೇ. ಮೊದಲ ದೊಡ್ಡ ತಿರುವಿನಲ್ಲಿ ಅಭ್ಯಾಸಬಲದಿಂದ ಬ್ರೇಕ್ ಒತ್ತಿದೆ. ಗಾಡಿ ಏರಿನಲ್ಲಿ ನಿಂತೇ ಹೋಯಿತು. ಚೀಲ ಇಳಿಸಿದೆ, ಗಾಡಿ ತಳ್ಳಿದೆ, ಚೀಲ ಹೊತ್ತು ತಂದು ಕಟ್ಟಿದೆ. ಗಂಗಕ್ಕ ಮೋರಿ ಕಟ್ಟೆಯ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದಳು. "ಇನ್ನೂ ಮೂರು ಏರು ಅದಾವೆ" ಅಂದಳು. ಹಿರಿಯೂರು ತಲುಪಿದಾಗ ಕಂಡಕ್ಟರು ವಿಷಲ್ ಬಾಯಲ್ಲಿಟ್ಟುಕೊಂಡೇ ಬೈದ.

ವರ್ಷಪೂರ್ತಿ ಪ್ರತಿ ಭಾನುವಾರ ಹೋದೆ. ಯುಗಾದಿ ಹೊತ್ತಿಗೆ ತಳ್ಳುವುದು ನಿಂತಿತು. ನನ್ನ ಗಾಡಿಗೆ ಅದೇ ಲೇತ್ ಅಂಗಡಿಯಲ್ಲಿ ಮೊದಲಿನ ಅಳತೆಯ ಸಿಲಿಂಡರು, ಪಿಸ್ಟನ್ನು, ಕಾರ್ಬೊರೇಟರು, ಬೇರೆ ಸೈಲೆನ್ಸರು ಹಾಕಿಸಿ, ಆಮೇಲೆ ಆ ದಾರಿಯಲ್ಲಿ ಅದನ್ನೇ ಓಡಿಸಿದೆ. ನಾಯಿಗಳು ಮತ್ತೆ ಅಟ್ಟಿಸಿಕೊಂಡು ಬರತೊಡಗಿದವು. ಒಂದು ದಿನ ಮೇಸ್ತ್ರಿ ನನ್ನ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಟೈರಿನ ಅಂಚಿಗೆ ಹೆಬ್ಬೆರಳು ಆಡಿಸಿದರು. ಕೂದಲು ಒಂದೂ ಇರಲಿಲ್ಲ. ಎದ್ದು, ಉಡಿದಾರದಿಂದ ಬೀಗದ ಕೈ ಬಿಚ್ಚಿ ನನ್ನ ಕೈಗೆ ಹಾಕಿದರು. "ರಿಂಗ್ ಸ್ಪ್ಯಾನರ್ ಕಳೆದ್ರೆ ಒದೀತೀನಿ" ಅಂದರು. ಭಾಷಣ ಅಷ್ಟೇ.

ನಿನ್ನೆ ಬಂದವನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಈ ಅಂಚಿನ್ ಕೂದಲು ಸವೆಸ್ಕಂಡ್ ಬಾ. ಆಮೇಲೆ ಇಂಜಿನ್ ಬಿಚ್ಚಾಣ" ಅಂದೆ.

"ನಿಂಗ್ ಇಂಜಿನ್ ಕೆಲ್ಸ ಬರಲ್ಲ ಅಂತ ಹೇಳು" ಅಂದ. ಸಿಟ್ಟಿನಲ್ಲಿ ಗಾಡಿ ಕಿರುಚಿಸಿಕೊಂಡು ಹೋದ. ಸರ್ಕಲ್ಲಿನ ತಿರುವು ಬಂದಾಗ ಬ್ರೇಕ್ ಹಿಡಿದು ಕಾಲು ಕೆಳಗೆ ಕೊಟ್ಟ. ಅಷ್ಟರಲ್ಲಿ ಅವನ ಪಕ್ಕದಲ್ಲಿ ಯಾರೋ ವಯಸ್ಸಾದವರು ಕೆಮ್ಮುವ ಸದ್ದು. ಗಂಗಕ್ಕ ಎರಡು ಚೀಲ ಸೇವಂತಿಗೆ ಹೊತ್ತ ಗಾಡಿಯನ್ನು ಒಂದು ಕಡೆ ಮಲಗಿಸಿಕೊಂಡು, ಹಾರ್ನ್ ಹೊಡೆದು, ಬಸ್‌ಸ್ಟ್ಯಾಂಡಿನ ಕಡೆ ತಿರುಗಿ ಹೋದಳು. ಚೀಲದ ಬಾಯಿಂದ ನಾಲ್ಕು ಹೂವು ಹಾರಿ ಅವನ ಟ್ಯಾಂಕಿನ ಮೇಲೆ ಬಿದ್ದವು.

ಅವನು ಇಂಜಿನ್ ಆಫ್ ಮಾಡಿ ಅಲ್ಲೇ ನಿಂತ. ಆಮೇಲೆ ಗಾಡಿಯಿಂದ ಇಳಿದು, ಬಗ್ಗಿ, ಹಿಂದಿನ ಟೈರಿನ ಅಂಚು ಮುಟ್ಟಿ ನೋಡಿದ. ನಾನು ಎದುರು ಹೋಟೆಲಿಗೆ ಕೂಗಿ ಅವನಿಗೂ ಸೇರಿಸಿ ಎರಡು ಟೀ ಹೇಳಿದೆ.