ಒಪ್ಪಿಗೆಯ ಬಟನ್ನಿನ ಜಾಗ

ಆ್ಯಪಿನಲ್ಲಿ ಒಪ್ಪಿಗೆಯ ಬಟನ್ ಎಲ್ಲಿರಬೇಕು ಎಂದು ಯಾರಾದರೂ ಕೇಳಿದರೆ ಈಗ ನಾನು ಯೋಚಿಸುತ್ತಾ ಕೂರುವುದಿಲ್ಲ. ನಿನ್ನೆ ಎಲ್ಲಿತ್ತೋ ಅಲ್ಲೇ ಇರಬೇಕು. ಇಷ್ಟು ಖಡಾಖಂಡಿತವಾಗಿ ಹೇಳುವ ಧೈರ್ಯ ನನಗೆ ಬಂದದ್ದು ಮೊಳಕಾಲ್ಮೂರಿನ ಒಂದು ಮಗ್ಗದ ಮನೆಯಲ್ಲಿ.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲೊಂದರ ಎದುರಿನ ಮಹಡಿ ಕೋಣೆಯಲ್ಲಿ ಕೂತು ನಾನು ಆ್ಯಪುಗಳ ಪರದೆ ವಿನ್ಯಾಸ ಮಾಡುತ್ತೇನೆ. ರೇಷ್ಮೆ ಸೀರೆ ನೇಯುವವರಿಗೆ ಅಂಗಡಿಗಳಿಂದ ನೇರವಾಗಿ ಆರ್ಡರ್ ಬರುವಂಥ ಒಂದು ಆ್ಯಪ್ ಮಾಡಿದ್ದೆ. ಕೆಳಗೆ ಬಲಕ್ಕೆ ‘ಒಪ್ಪಿದೆ’, ಎಡಕ್ಕೆ ‘ಬೇಡ’. ಎರಡು ವರ್ಷ ಹಾಗೇ ನಡೆಯಿತು. ಯಾರೂ ದೂರಲಿಲ್ಲ, ಯಾರೂ ಹೊಗಳಲೂ ಇಲ್ಲ. ಹೊಗಳದಿದ್ದುದೇ ನನಗೆ ಚುಚ್ಚಿತು. ಒಂದು ತಿಂಗಳು ಪಟ್ಟು ಹಿಡಿದು ಪರದೆಯನ್ನೇ ಸೀರೆಯ ಹಾಗೆ ಮಾಡಿದೆ. ಮೇಲೆ ಸೆರಗು, ಆ ಸೆರಗಿನ ಬುಟ್ಟಾದೊಳಗೆ ‘ಒಪ್ಪಿದೆ’. ಕೆಳಗೆ ಬಲಕ್ಕೆ ಖಾಲಿಯಾದ ಜಾಗದಲ್ಲಿ ‘ಬೇಡ’ ಕೂರಿಸಿದೆ. ಕಂಡವರೆಲ್ಲ ಭೇಷ್ ಅಂದರು. ನಾನು ಉಬ್ಬಿಹೋದೆ.

ವಾರ ಕಳೆಯುವುದರೊಳಗೆ ಮೊಳಕಾಲ್ಮೂರಿನಿಂದ ಪರಿಚಯದ ನೇಯುವ ಅಕ್ಕ ಒಬ್ಬರ ಫೋನು ಬಂತು. ಮದುವೆಯಾದಾಗಿನಿಂದ ಬೇರೆಯವರು ಕೊಟ್ಟ ನಕ್ಷೆಯನ್ನೇ ನೇಯುತ್ತಿದ್ದ ಅವರು ಮೊದಲ ಸಲ ತಾವೇ ಗ್ರಾಫ್ ಹಾಳೆಯಲ್ಲಿ ಒಂದು ಸೆರಗು ಬರೆದು, ಅದರ ಫೋಟೊ ಆ್ಯಪಿನಲ್ಲಿ ಹಾಕಿದ್ದರು. ಅಂಗಡಿಯವರು ಮೆಚ್ಚಿ ಆರ್ಡರ್ ಕಳಿಸಿದರೆ ಇವರೇ ‘ಬೇಡ’ ಒತ್ತಿಬಿಟ್ಟಿದ್ದರು. ಮರುದಿನ ಮೊದಲ ಬಸ್ಸಿಗೇ ಹೊರಟೆ.

ತಪ್ಪು ಅವರದೇ ಎಂಬ ವಾದ ಕಟ್ಟಿಕೊಂಡೇ ಹೋಗಿದ್ದೆ. ಬಟನ್ನಿನ ಮೇಲೆ ಅಷ್ಟು ದಪ್ಪಗೆ ಬರೆದಿದೆ, ಓದಿ ಒತ್ತಬಾರದಿತ್ತೇ ಎಂದು ಕೇಳಿಯೂ ಬಿಟ್ಟೆ. ಅಕ್ಕ ಮಗ್ಗದಲ್ಲಿ ಕೂತಿದ್ದರು, ಫೋನು ಪಕ್ಕದ ಹಲಗೆಯ ಮೇಲಿತ್ತು. ಕೆಲಸದ ನಡುವೆಯೇ ಹೆಬ್ಬೆರಳು ಚಾಚಿ ಒತ್ತುವುದು ಅವರ ರೂಢಿ. ಸಿಟ್ಟು ಬಂದರೆ ತೆಲುಗಿಗೆ ಹೊರಳುವವರು ಅವತ್ತು ಕನ್ನಡದಲ್ಲೇ, ಮೆಲ್ಲಗೆ ಮಾತಾಡಿದರು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

“ಕೆಳಗೆ ಕಾಲು ತುಳಿತೈತಲ್ಲ, ಅದನ್ನ ನೋಡ್ಕಂತ ಕುಂತಿರ್ತೀನಾ? ಕಾಲಿಗೆ ಜಾಗ ಗೊತ್ತೈತೆ. ಅದ್ಕೇ ತಲೆಗೆ ಬಿಡುವು ಸಿಕ್ತು, ಈ ಸೆರಗು ಹೊಳೀತು. ಹೊಸದು ಮಾಡೋ ಹುರುಪ್ನಾಗೆ ನೀನು ನನ್ನ ತುಳಿಯೋ ಹಲಗೇನೇ ಅದಲು ಬದಲು ಮಾಡಿದಂಗಾತು.”

ನನಗೆ ಬಹಳ ನಾಚಿಕೆಯಾಯಿತು. ಆ ಮನೆಯಲ್ಲಿ ನಿಜವಾಗಿ ಹೊಸದನ್ನು ಮಾಡುತ್ತಿದ್ದವರು ಅಕ್ಕ, ನಾನು ಅವರ ಕೈಗೆ ಅಡ್ಡ ಬಂದಿದ್ದೆ.

ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಆ ಸೆರಗಿನ ಆಸೆ ಬಿಟ್ಟು ಬೇರೆ ಮಗ್ಗ ಹುಡುಕುತ್ತಿದ್ದ ಅಂಗಡಿಯವರು ಗೊಣಗುತ್ತಲೇ ಆರ್ಡರನ್ನು ಮತ್ತೆ ಕಳಿಸಿದರು. ಪರದೆ ಬೆಳಗಿತು. ಅಕ್ಕನ ಹೆಬ್ಬೆರಳು ಬಲಕ್ಕೆ ಹೊರಟು ಅರ್ಧಕ್ಕೇ ನಿಂತಿತು. ಫೋನನ್ನು ನನ್ನ ಕಡೆ ತಳ್ಳಿದರು.

“ನೀನೇ ಒತ್ತಮ್ಮ. ಜಾಗ ಈಗ ನಿಂಗೆ ಮಾತ್ರ ಗೊತ್ತೈತೆ.”

ಹಳೆಯ ಪರದೆಯನ್ನು ಅದೇ ದಿನ ವಾಪಸ್ ಹಾಕಿದೆ. ಆದರೆ ಅಕ್ಕನ ಸ್ವಂತ ಸೆರಗಿನ ಮೊದಲ ಆರ್ಡರಿಗೆ ‘ಒಪ್ಪಿದೆ’ ಎಂದು ಒತ್ತಿದ ಬೆರಳು ನನ್ನದು.