ನನ್ನದಲ್ಲದ ನೆಲದಲ್ಲಿ ನಿನ್ನ ಪಾಯ

ಈರಣ್ಣ, ಚಿತ್ತವಾಡ್ಗಿಯ ಆ ಜಾಗವನ್ನು ನಿನಗೆ ಮಾರಿದಾಗ ಅದು ನನ್ನದಾಗಿರಲಿಲ್ಲ. ನನಗದು ಗೊತ್ತಿತ್ತು. ಕೋರ್ಟಿಗೆ ಹೋದಮೇಲೆ ಗೊತ್ತಾಯಿತು ಎಂದು ಇಷ್ಟು ವರ್ಷ ನಿನ್ನನ್ನು ನಂಬಿಸಿದ್ದೆ — ಸುಳ್ಳು.

ನಿನಗಿಂತ ಮುಂಚೆ ಅದನ್ನು ಸಂಡೂರಿನ ಒಬ್ಬ ಲಾರಿ ಮಾಲೀಕನಿಗೆ ಬರೆದುಕೊಟ್ಟಿದ್ದೆ. ಅರ್ಧ ದುಡ್ಡು ಕೊಟ್ಟು, ಉಳಿದದ್ದು ಮುಂದಿನ ತಿಂಗಳು ಎಂದ. ನೋಂದಣಿ ಕಚೇರಿಯಲ್ಲಿ ಅಷ್ಟು ಜನರೆದುರು, ಪೂರ್ತಿ ಕೊಟ್ಟರೆ ಮಾತ್ರ ಸಹಿ ಎನ್ನಲು ನಾಚಿಕೆಯಾಯಿತು. ಶಾಲೆ ಬಿಟ್ಟು, ಗಾರೆ ಕಲಸಿ, ಗೌಂಡಿಯಾಗಿ ಮೇಲೆ ಬಂದವನು ನಾನು. ದುಡ್ಡಿಗೆ ಅಂಗಲಾಚಿದ ಅನ್ನಿಸಿಕೊಳ್ಳುವುದೇ — ಆ ಸೊಕ್ಕು. ಸಹಿ ಹಾಕಿದೆ. ಅವನು ಆಮೇಲೆ ಫೋನೇ ಎತ್ತಲಿಲ್ಲ.

ಖಾತೆ ಇನ್ನೂ ನನ್ನ ಹೆಸರಿನಲ್ಲೇ ಇತ್ತು. ದುಡ್ಡು ಮುಟ್ಟದೆ ಜಾಗ ಹೇಗೆ ಹೋದೀತು ಎಂದು ನನ್ನ ವಾದ. ಆದರೂ ನೋಂದಣಿ ಕಚೇರಿಯೆದುರು ಪತ್ರ ಬರೆಯುವವನನ್ನು ಕೇಳಿದೆ. ಅವನು ನಕ್ಕ.

"ಮಗಳ್ನ ಧಾರಿ ಎರದು ಕೊಟ್ಟ ಮ್ಯಾಲ, ಊಟದ ಖರ್ಚು ಬಂದಿಲ್ಲಂತ ವಾಪಸ್ ಕರಕೊಂಡು ಬರ್ತೀಯೇನಲೇ ಗೌಂಡಿ? ರಿಜಿಸ್ಟರ್ ಆತಲ್ಲ, ಜಾಗ ಅವಂದು. ಉಳಿದ ದುಡ್ಡಿಗೆ ಕೇಸ್ ಹಾಕು. ಜಾಗದ ತಂಟಿಗೆ ಹೋಗಬ್ಯಾಡ."

ಅಷ್ಟು ಬಿಡಿಸಿ ಹೇಳಿದ್ದ. ಆ ವಾರವೇ ನೀನು ಬಂದೆ — ಮೀಸೆ ಮೂಡುವ ಮೊದಲಿಂದ ನನ್ನ ಜೊತೆ ಕಲ್ಲು ಹೊತ್ತವನು, ಬಾಡಿಗೆ ಮನೆ ಸಾಕಾಗಿದೆ ಎನ್ನುತ್ತ. ಆ ಜಾಗವನ್ನು ನೀನೇ ತಗೋ ಅಂದೆ. ಅದರ ಕಾಗದವನ್ನು ಯಾರಿಗಾದರೂ ತೋರಿಸು ಅಂದೆ — ತೋರಿಸುವುದಿಲ್ಲವೆಂದು ತಿಳಿದೇ.

"ನೀ ಹೇಳಿದ ಮ್ಯಾಲ ಇನ್ನೇನು ತೋರ್ಸೋದಣ್ಣ?"

ಪಾಯ ತೋಡುವಾಗ, ಇನ್ನೊಂದು ಮೊಳ ಇಳಿಸೋಣ, ಮೊಮ್ಮಕ್ಕಳ ಕಾಲಕ್ಕೂ ನಿಲ್ಲಲಿ ಎಂದು ನೀನು ಕೇಳಿದ್ದೆ. ಇಳಿಸಿದೆ. ನನ್ನ ಗೋಡೆ ಸೊಟ್ಟ ಎಂದು ಈವರೆಗೆ ಯಾರೂ ಅಂದಿಲ್ಲ. ನಿನ್ನ ಗೋಡೆಯೂ ನೆಟ್ಟಗೇ ಎದ್ದಿತು. ನಿನ್ನ ಹೆಂಡತಿ ಗಂಗವ್ವ ಸುಡುಬಿಸಿಲಲ್ಲಿ ಅದಕ್ಕೆ ನೀರು ಹಾಕುತ್ತಿದ್ದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಆ ಲಾರಿ ಮಾಲೀಕ ಮತ್ತೆ ಬರಲಾರ ಎಂದುಕೊಂಡೆ. ಬಂದರೂ...

ಬಂದ. ಪತ್ರ ಬರೆಯುವವನು ಹೇಳಿದ್ದನ್ನೇ ಕೋರ್ಟೂ ಹೇಳಿತು. ಲಾರಿ ಮಾಲೀಕ ಬಾಕಿ ಕಟ್ಟಿದ, ಜಾಗ ಹಿಡಿದ. ಮನೆ ಕೆಡವುವಾಗ ಬಾಗಿಲ ಚೌಕಟ್ಟನ್ನಾದರೂ ಬಿಡಿಸಿಕೊಡಿ ಎಂದು ಗಂಗವ್ವ ಬೇಡಿಕೊಳ್ಳುತ್ತಿದ್ದಳು. ನೀನು ನನ್ನ ಹೆಗಲ ಮೇಲೆ ಕೈಯಿಟ್ಟೆ.

"ಅಳಬ್ಯಾಡಣ್ಣ. ನಿಂಗೂ ಮೋಸ ಆತು."

ನಾನು ಹೌದೆಂದು ತಲೆಯಾಡಿಸಿದೆ. ಆ ಬಾಕಿ ಹಣ ತಂದು ನಿನ್ನ ಕೈಗಿಟ್ಟಾಗ ಓಣಿಯವರು ನನ್ನನ್ನು ದೊಡ್ಡ ಮನುಷ್ಯ ಅಂದರು. ನೀನು ಕೊಟ್ಟದ್ದರ ಅರ್ಧವೂ ಅಲ್ಲ ಅದು. ನಿನ್ನ ರಟ್ಟೆಯ ಕಸುವಂತೂ ಮಣ್ಣಾಯಿತು. ಆಗಲೂ ನಿಜ ಹೇಳಲಿಲ್ಲ. ಉಳಿದದ್ದನ್ನು ತೀರಿಸುವ ಶಕ್ತಿ ಈಗ ನನ್ನ ಮೈಯಲ್ಲಿಲ್ಲ.

ಅಂದಿನಿಂದ ಗಂಗವ್ವ ನನಗೆ ನೀರು ಸಹ ಕೊಟ್ಟಿಲ್ಲ. ಅದಕ್ಕಾಗಿ ನೀನು ಎಷ್ಟು ಸಲ, ನನ್ನೆದುರೇ, ಆಕೆಯನ್ನು ಬೈದಿದ್ದೀ. ನಾನು ಎಂಥವನೆಂಬುದು ಅವಳ ಕಣ್ಣಿಗೆ ಕಂಡಿತ್ತು, ಈರಣ್ಣ. ಬೈದದ್ದಕ್ಕೆ ಅವಳ ಹತ್ತಿರ ನೀನು ತಪ್ಪಾಯಿತು ಅನ್ನು. ನನ್ನದನ್ನು ಹೇಳಲು ನಾನೇ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು, ಓಣಿಗೆಲ್ಲ ಕೇಳುವಂತೆ ಹೇಳುತ್ತೇನೆ.