ಗಾದ್ರಮ್ಮನವರ ನೀಲಿ ಚುಕ್ಕೆ

ಗಾದ್ರಮ್ಮನವರನ್ನು ಮೊದಲು ಕಂಡದ್ದು ನಮ್ಮ ಶಾಲೆಯ ಅಡುಗೆ ಕೋಣೆಯ ಹೊಸ್ತಿಲಲ್ಲಿ. ನಾನು ಮೇಷ್ಟ್ರಾಗಿದ್ದ, ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆ ಅದು. ಬಿಸಿಯೂಟ ಆಗಷ್ಟೇ ಶುರುವಾಗಿತ್ತು. ಅಡುಗೆಗೆಂದು ಬಂದವರು ಪಾತ್ರೆ, ಸೌದೆ, ನೀರಿನ ವಿಚಾರ ಕೇಳುವುದು ವಾಡಿಕೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದ್ದು ಬೇರೆಯೇ.

"ಸಾರ್, ಈ ಹುಡುಗ್ರು ಯಾವ್ಯಾವ ಹಟ್ಟಿಯಿಂದ ಬರ್ತಾವ್ರೀ? ಎಷ್ಟೆಷ್ಟು ದೂರ ನಡೀತಾವೆ?"

ಅದು ಯಾಕಮ್ಮ ಎಂದರೆ, "ದೂರದವು ಜಾಸ್ತಿ ಹಸ್ದಿರ್ತಾವಲ್ರೀ, ಅವಕ್ಕೆ ಮೊದ್ಲು ಬಡಿಸ್ಬೇಕು" ಎಂದರು. ಅಂದಿನಿಂದ ಆ ಶಾಲೆಯಲ್ಲಿ ಪಂಕ್ತಿಯ ಮೊದಲ ಸಾಲು ದೂರದ ಮಕ್ಕಳದಾಯಿತು.

ದಾರಿ, ದೂರ, ದಿಕ್ಕು ಇವೆಲ್ಲ ಗಾದ್ರಮ್ಮನವರಿಗೆ ಎಳೆತನದಲ್ಲೇ ಮೈಗೆ ಹತ್ತಿದ ಸಂಗತಿಗಳು. ಅವರ ತಂದೆಯದು ಕುರಿಮಂದೆ. ಜಗಳೂರಿನ ಬಯಲಿನಲ್ಲಿ ಹುಲ್ಲು ಮುಗಿಯುತ್ತ ಬಂದ ಕೂಡಲೇ ಮನೆಮಂದಿಯೆಲ್ಲ ಕುರಿ ಹೊಡೆದುಕೊಂಡು ಪಡುವಣಕ್ಕೆ, ಭದ್ರಾ ನಾಲೆಯ ಸೀಮೆಗೆ ಹೊರಡುತ್ತಿದ್ದರು. ಕತ್ತಲಗೆರೆಯ ಗದ್ದೆಗಳಲ್ಲಿ ಕೆಲವು ದಿನ, ಹೊನ್ನಾಳಿಯ ಹೊಳೆದಂಡೆಯಲ್ಲಿ ಕೆಲವು ದಿನ, ಆಮೇಲೆ ನ್ಯಾಮತಿ ಕಡೆಯ ಗೋವಿನಕೋವಿ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಮಂದೆ ತರುಬಿ ನಿಲ್ಲಿಸಿದರೆ ಗದ್ದೆಯವರಿಗೆ ಗೊಬ್ಬರ, ಕುರಿಯವರಿಗೆ ಭತ್ತ. ಈ ತಿರುಗಾಟದಲ್ಲಿ ಅವರ ಓದು ನಾಲ್ಕನೆಯ ತರಗತಿಗೇ ನಿಂತಿತು. ಕನ್ನಡ ಓದಬಲ್ಲರು, ಇಂಗ್ಲಿಷ್ ಅಕ್ಷರ ಕಂಡರೆ, "ಇವು ನಮ್ ಪೈಕಿ ಅಲ್ಲ" ಎಂದು ನಗುವರು.

ಫೋನು ಕೊಟ್ಟವಳು ಮಗಳು ಗಂಗೋತ್ರಿ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ದಾದಿ. ತಾಯಿ ತನ್ನ ಮನೆಗೆ ಬರುವಾಗ ಗಲ್ಲಿಗಲ್ಲಿ ವಿಚಾರಿಸುವುದು ಬೇಡವೆಂದು ಮ್ಯಾಪ್ ಹಾಕಿಕೊಟ್ಟಳು. ಅದರೊಳಗಿನ ಹೆಣ್ಣುಧ್ವನಿ ಕನ್ನಡದಲ್ಲೇ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳುವುದನ್ನು ಕೇಳಿ ಗಾದ್ರಮ್ಮ ಬೆರಗಾದರು.

"ಹೇಳಿದ್ ಕಡೆ ತಿರುಗದಿದ್ರೂ ಆಯಮ್ಮ ಸಿಟ್ಟಾಗಲ್ಲ ನೋಡು. ಇನ್ನೊಂದು ದಾರಿ ಹುಡುಕಿ ಹೇಳ್ತಾಳೆ. ನಿಮ್ಮಪ್ಪನ್ ಹಂಗಲ್ಲ" ಎಂದರು ಮಗಳಿಗೆ. ಪಕ್ಕದಲ್ಲೇ ಕುಳಿತಿದ್ದ ಗಂಡ ತಿಪ್ಪೇಶಪ್ಪ ಕೇಳಿಸದವರಂತೆ ಎಲೆಗೆ ಸುಣ್ಣ ಸವರಿಕೊಂಡರು.

ಅಡುಗೆ ಕೆಲಸದಿಂದ ಬಿಡುಗಡೆಯಾದ ವರ್ಷ ಊರಿನ ಸ್ತ್ರೀಶಕ್ತಿ ಸಂಘದವರು ನೇಪಾಳಕ್ಕೆ ಹೊರಡುವ ಮಾತೆತ್ತಿದರು. ನ್ಯಾಮತಿಯ ಪ್ರದೀಪ್ ಎಂಬ ತರುಣ ಪ್ರವಾಸ ನಡೆಸುತ್ತಿದ್ದ. ಗೋರಖಪುರದ ತನಕ ರೈಲು, ಮುಂದೆ ಬಸ್ಸು, ಪಶುಪತಿನಾಥನ ದರ್ಶನ. ಗಾದ್ರಮ್ಮ ಹೂಂ ಎಂದರು. ಪಕ್ಕದ ಮನೆಯ ಅಜ್ಜಮ್ಮನವರಿಗೂ ಆಸೆ. ಆದರೆ ಅವರಿಗೆ ಎಪ್ಪತ್ತು ದಾಟಿತ್ತು, ಮೊಣಕಾಲು ನೋವು, ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ, ಫೋನಿಲ್ಲ. ಮಗ ಆಂಜನೇಯ ಒಪ್ಪಲಿಲ್ಲ. ಗಾದ್ರಮ್ಮನೇ ಅವನ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಒಪ್ಪಿಸಿದರು.

"ಚಿಗವ್ವ, ಪರದೇಶ ಅದು. ನಮ್ಮವ್ವ ಜಗಳೂರು ಸಂತ್ಯಾಗೇ ಕಳ್ದು ಹೋಗ್ತಾಳೆ."

"ನಾನಿದೀನಲ್ಲೋ. ನಿಮ್ಮವ್ವನ್ನ ನಿನ್ನ ಮುಂದೆ ತಂದು ನಿಲ್ಸೋದು ನನ್ ಜವಾಬ್ದಾರಿ. ಅಲ್ಲೀಗಂಟ ನಮ್ಮನೆ ಹೊಸ್ತಿಲು ತುಳಿಯಲ್ಲ, ಸಾಕಾ?"

ಆಡಿದ ಮಾತು ದೊಡ್ಡದು. ಗಾದ್ರಮ್ಮ ಲಘುವಾಗಿ ಆಡಿದ್ದಲ್ಲ. ಗಂಗೋತ್ರಿ ಕಠ್ಮಂಡುವಿನ ನಕ್ಷೆಯನ್ನು ಮೊದಲೇ ಫೋನಿನಲ್ಲಿ ಇಳಿಸಿಕೊಟ್ಟಳು. "ಅವ್ವ, ಅಲ್ಲಿ ನಮ್ ಸಿಮ್ ನಡಿಯಲ್ಲ. ಹೆಂಗಸಿನ ಧ್ವನಿ ಬರಲ್ಲ. ಆದ್ರೆ ಈ ನೀಲಿ ಚುಕ್ಕೆ ಇರ್ತೈತೆ, ಅದು ನೀನು. ರಾತ್ರಿ ಎಲ್ಲಿ ಇಳ್ಕಂತೀರೋ ಅಲ್ಲೊಂದು ಗುರುತು ಹಾಕ್ಯಂಡ್ಬಿಡು" ಎಂದು ಬೆರಳು ಹಿಡಿದು ಕಲಿಸಿದಳು.

ಗಡಿ ದಾಟಿದ ದಿನ ಪ್ರದೀಪ್ ನೇಪಾಳದ ಸಿಮ್ ಕೊಂಡು, ಎಲ್ಲರಿಗೂ ಆ ಹೊಸ ನಂಬರು ಬರೆದುಕೊಳ್ಳಲು ಹೇಳಿದ. ಗಾದ್ರಮ್ಮ ಬರೆದುಕೊಳ್ಳಲಿಲ್ಲ. ಕಠ್ಮಂಡುವಿನಲ್ಲಿ ಪಶುಪತಿನಾಥನ ಗುಡಿಯ ಹತ್ತಿರದ ಧರ್ಮಶಾಲೆಯಲ್ಲಿ ಇಳಿದ ರಾತ್ರಿ ಮಗಳು ಹೇಳಿದಂತೆ ಅಲ್ಲೊಂದು ಗುರುತು ಹಾಕಿದರು. ಮಾರನೆಯ ಬೆಳಿಗ್ಗೆ ಚೀಲಗಳನ್ನೆಲ್ಲ ಬಸ್ಸಿಗೆ ಏರಿಸಿ, ಬೌದ್ಧನಾಥದ ದೊಡ್ಡ ಸ್ತೂಪ ನೋಡಿಕೊಂಡು ಹಾಗೆಯೇ ಪೋಖರಾಕ್ಕೆ ಹೊರಡುವುದೆಂದು ಏರ್ಪಾಡಾಯಿತು. ಬಸ್ಸಿಳಿದ ಕೂಡಲೇ ಗಾದ್ರಮ್ಮ ಫೋನು ತೆಗೆದು ಬಸ್ಸಿಗೂ ಒಂದು ಗುರುತು ಹಾಕಿಕೊಂಡರು.

"ಅಮ್ಮಾರೆ, ಎಲ್ಲಾ ಹನ್ನೆರಡರೊಳಗೆ ಬಂದ್ಬಿಡ್ರಿ. ನನ್ ನಂಬರ್ ಐತಲ್ಲ?" ಎಂದ ಪ್ರದೀಪ್.

"ನಂಗೆ ಯಾಕಪ್ಪ ನಂಬರು? ಬಸ್ಸಿಗೆ ಗುರುತು ಹಾಕೀನಿ. ನೀನೆಲ್ಲಿಗೆ ಹೋದ್ರೂ ನಂಗೆ ಗೊತ್ತಾಗ್ತೈತೆ."

ಸ್ತೂಪದ ಮುಂದೆ ಎಲ್ಲರೂ ಕತ್ತೆತ್ತಿ ನಿಂತರು. ಗುಡ್ಡದಂಥ ಬಿಳಿಯ ಗುಮ್ಮಟ, ಅದರ ಮೇಲೆ ನಾಲ್ಕು ದಿಕ್ಕಿಗೂ ಬರೆದ ಕಣ್ಣು, ಸುತ್ತಲೂ ವರ್ತುಲವಾಗಿ ಅಂಗಡಿಸಾಲು, ಆ ಸಾಲಿನ ನಡುನಡುವೆ ಒಂದರಂತೆ ಇನ್ನೊಂದು ಕಾಣುವ ಗಲ್ಲಿಗಳು. ಜನ ಹೊಳೆಯಂತೆ ಒಂದೇ ಕಡೆಗೆ ಪ್ರದಕ್ಷಿಣೆ ಹರಿಯುತ್ತಿದ್ದರು. ಉಳಿದವರು ಒಂದು ಸುತ್ತು ಹಾಕಿ ಮಣಿಸರ ಕೊಳ್ಳಲು ಹೋದರು. ಅಜ್ಜಮ್ಮ ಮೂರು ಸುತ್ತಿನ ಹರಕೆ ಹೊತ್ತಿದ್ದರು. ನಿಧಾನಕ್ಕೆ ಸುತ್ತಿ ಮುಗಿಸುವ ಹೊತ್ತಿಗೆ ತಂಡದವರು ಯಾರೂ ಕಾಣಲಿಲ್ಲ.

"ಎಲ್ಲಾ ಹೋಗ್ಯಾರೆ ಕಣೆ ಗಾದ್ರಿ."

"ಹೋಗ್ಲಿ ಬಿಡಕ್ಕ. ಬಸ್ಸು ನನ್ ಕೈಯಾಗೈತೆ."

ನೀಲಿ ಚುಕ್ಕೆಯನ್ನು ಗುರುತಿನ ಹತ್ತಿರಕ್ಕೆ ತರುತ್ತ ತರುತ್ತ ಗಲ್ಲಿ ದಾಟಿ ರಸ್ತೆಗೆ ಬಂದರು. ಚುಕ್ಕೆ ಗುರುತಿನ ಮೇಲೆಯೇ ಹೋಗಿ ಕುಳಿತಿತು. ಎದುರಿಗೆ ಬಸ್ಸಿರಲಿಲ್ಲ. ಕಿತ್ತಳೆ ಹಣ್ಣಿನ ತಳ್ಳುಗಾಡಿಯೊಂದು ನಿಂತಿತ್ತು.

"ಇಲ್ಲೇ ಐತೆ ಅಕ್ಕ" ಎಂದರು ಗಾದ್ರಮ್ಮ, ಫೋನು ನೋಡುತ್ತ.

"ಎಲ್ಲೈತೆ? ಫೋನೊಳಗೆ ಹತ್ಕಂಡು ಹೋಗಾನೇನು?"

ಗಾದ್ರಮ್ಮ ನಾಲ್ಕು ಹೆಜ್ಜೆ ಮುಂದೆ ನಡೆದರು. ಚುಕ್ಕೆ ನಡೆಯಿತು. ನಿಂತರು. ಚುಕ್ಕೆಯೂ ನಿಂತಿತು. ಗುರುತು ಮಾತ್ರ ಕದಲಲಿಲ್ಲ. ಆಗ ಅವರಿಗೆ ತಮ್ಮ ತಪ್ಪು ಹೊಳೆಯಿತು. ಕುರಿಯ ಬೆನ್ನಿಗೆ ಕೆಮ್ಮಣ್ಣಿನ ಗುರುತು ಬಳಿದರೆ ಕುರಿ ಹೋದಲ್ಲಿಗೆ ಗುರುತೂ ಹೋಗುತ್ತದೆ. ಹಾಗೆಯೇ ಬಸ್ಸಿನ ಜೊತೆಗೆ ಇದೂ ಹೋಗುತ್ತದೆಂದು ಅವರು ನಂಬಿದ್ದರು. ಅವರು ಗುರುತು ಹಾಕಿದ್ದು ಬಸ್ಸಿಗಲ್ಲ, ಬಸ್ಸು ನಿಂತಿದ್ದ ನೆಲಕ್ಕೆ. ಅಲ್ಲಿ ಗಾಡಿ ನಿಲ್ಲಿಸಬಾರದೆಂದು ಪೊಲೀಸರು ಬಸ್ಸನ್ನು ಮುಂದಕ್ಕೆ ಕಳಿಸಿದ್ದರು. ಪ್ರದೀಪ್ ಇವರಿಬ್ಬರನ್ನು ಹುಡುಕುತ್ತ ಸ್ತೂಪದ ಇನ್ನೊಂದು ಮಗ್ಗುಲಲ್ಲಿ ಅಲೆಯುತ್ತಿದ್ದ. ಇದೆಲ್ಲ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಗಾದ್ರಮ್ಮನವರ ಕಣ್ಣೆದುರು ಬಂದದ್ದು ಆಂಜನೇಯನ ಮುಖ. ಕೇಳಲು ನಂಬರಿಲ್ಲ, ಆಡಲು ಭಾಷೆಯಿಲ್ಲ, ಪಕ್ಕದಲ್ಲಿ ಮೊಣಕಾಲು ನೀವಿಕೊಳ್ಳುತ್ತಿರುವ ಮುದುಕಿ.

"ಹುಡ್ಕನ ನಡಿಯೇ" ಎಂದರು ಅಜ್ಜಮ್ಮ.

"ಬ್ಯಾಡಕ್ಕ. ಹುಡ್ಕಾಕೆ ಹೋದ್ರೆ ನಾವೊಂದು ಕಡೆ, ಅವ್ರೊಂದು ಕಡೆ ಆಗ್ತೀವಿ."

ಕುರಿಯವರಲ್ಲಿ ಒಂದು ಕಟ್ಟುಪಾಡಿತ್ತು. ಗೊತ್ತಿಲ್ಲದ ಸೀಮೆಯಲ್ಲಿ ಮಂದೆಯಿಂದ ತಪ್ಪಿದವರು ಮಂದೆಯ ಬೆನ್ನು ಹತ್ತಬಾರದು. ಹಿಂದಿನ ರಾತ್ರಿ ಕುರಿ ತರುಬಿದ ಜಾಗಕ್ಕೆ ಮರಳಿ ಹೋಗಿ ಕೂರಬೇಕು. ಹುಡುಕುವವರೂ ಅಲ್ಲಿಗೇ ಬರುತ್ತಾರೆ. ಹುಡುಗಿಯಾಗಿದ್ದಾಗ ಗೋವಿನಕೋವಿಯ ಬಯಲಲ್ಲಿ ತಪ್ಪಿಸಿಕೊಂಡಿದ್ದ ಗಾದ್ರಮ್ಮ ಹಾಗೆ ಕುಳಿತೇ ತಂದೆಗೆ ಸಿಕ್ಕಿದ್ದರು. ಈಗ ಅವರು ಫೋನಿನ ನಕ್ಷೆಯನ್ನು ಬೆರಳಲ್ಲಿ ಸರಿಸುತ್ತ ಹೋದರು. ನಿನ್ನೆಯ ಧರ್ಮಶಾಲೆಯ ಗುರುತು ಅಲ್ಲೇ ಇತ್ತು. ಕಟ್ಟಡ ಎಲ್ಲಿಗೂ ಓಡಿಹೋಗುವಂಥದಲ್ಲ.

"ಹಟ್ಟಿ ಸಿಕ್ತು, ಏಳಕ್ಕ" ಎಂದರು.

ದಾರಿ ಮತ್ತೆ ಸ್ತೂಪದ ಅಂಗಳದ ಮೇಲೆಯೇ ಹಾಯುತ್ತಿತ್ತು. ಗಲ್ಲಿಯಿಂದ ಅಂಗಳಕ್ಕೆ ಬಂದು ಬಲಕ್ಕೆ ತಿರುಗಿದರೆ ಬೇಕಾದ ಗಲ್ಲಿ ಹತ್ತಿರದಲ್ಲೇ. ಗಾದ್ರಮ್ಮ ಬಲಕ್ಕೆ ತಿರುಗಿದರು. ಅಜ್ಜಮ್ಮ ಕಾಲು ಕೀಳಲಿಲ್ಲ.

"ದೇವ್ರನ್ನ ಎಡಕ್ಕಿಟ್ಕಂಡು ನಡಿಯಾಕೆ ಹೇಳ್ತೈತೇನು ನಿನ್ ಫೋನು? ನಾನ್ ಬರಲ್ಲ."

"ಅಕ್ಕ, ಕಳ್ದು ಹೋಗೀವಿ ನಾವು."

"ಕಳ್ದು ಹೋದಾಗ್ಲೇ ದೇವ್ರಿಗೆ ಬೆನ್ನು ಹಾಕ್ತಾರೇನೇ?"

ವಾದ ಮಾಡಿ ಫಲವಿರಲಿಲ್ಲ. ಅಲ್ಲಿ ನಡೆಯುತ್ತಿದ್ದ ಜನರೂ ಅಜ್ಜಮ್ಮನ ಪಕ್ಷವೇ. ಎಡಕ್ಕೆ ತಿರುಗಿ ಇಡೀ ಸುತ್ತು ನಡೆದರು. ನಡೆಯುತ್ತ ಗಾದ್ರಮ್ಮ ಪರದೆಯನ್ನೇ ನೋಡಿದರು. ಚುಕ್ಕೆಯೂ ಸ್ತೂಪವನ್ನು ಬಲಕ್ಕಿಟ್ಟುಕೊಂಡು ಸುತ್ತು ಬರುತ್ತಿತ್ತು. ಅದಕ್ಕೆ ಅಂಟಿಕೊಂಡು ಬೆಳಕಿನ ಬೀಸಣಿಗೆಯಂಥದೊಂದು. ತಾವು ಮುಖ ಮಾಡಿದ ಕಡೆಗೇ ಅದೂ ಮುಖ ಮಾಡುತ್ತದೆ. ಮಗಳು ಹೇಳಿದಾಗ ತಲೆಗೆ ಹೋಗದ ಸಂಗತಿ ಆ ಒಂದು ಸುತ್ತಿನಲ್ಲಿ ತಿಳಿದುಬಿಟ್ಟಿತು. ಆಮೇಲೆ ಅವರಿಗೆ ಬೀದಿಯ ಫಲಕಗಳನ್ನು ಓದುವ ಅಗತ್ಯವೇ ಬೀಳಲಿಲ್ಲ.

ಗಲ್ಲಿ ಕವಲೊಡೆದಲ್ಲಿ ನಿಂತು ಬೀಸಣಿಗೆಯನ್ನು ಗುರುತಿನತ್ತ ತಿರುಗಿಸುವರು, ದಿಕ್ಕು ತಪ್ಪದಿರಲು ತಮ್ಮ ನೆರಳು ಎತ್ತ ಬಿದ್ದಿದೆಯೆಂದು ನೋಡುವರು, ನಡೆಯುವರು. ಒಮ್ಮೆ ದಾರಿ ಒಂದು ಮನೆಯ ಹಿತ್ತಿಲಲ್ಲಿ ಮುಗಿದುಹೋಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸು ನಕ್ಕಳು, ಇವರೂ ನಕ್ಕು ಹಿಂದಿರುಗಿದರು. ಅಜ್ಜಮ್ಮನವರ ಕಾಲು ಸೋತಾಗ ಚಹದಂಗಡಿಯ ಮೆಟ್ಟಿಲ ಮೇಲೆ ಕೂರಿಸಿದರು. ಅಂಗಡಿಯಾಕೆ ನೀರು ಕೊಟ್ಟು ಏನೋ ಕೇಳಿದಳು. ಗಾದ್ರಮ್ಮ ಫೋನು ತೋರಿಸಿದರು. ಆಕೆ ನಕ್ಷೆ ನೋಡಿ, ಕೈ ನೀಡಿ, ಇವರು ಹಿಡಿದ ದಾರಿಯನ್ನೇ ತೋರಿಸಿದಳು. ತಲೆಯ ಮೇಲೆ ವಿಮಾನವೊಂದು ಗಾಲಿ ಕಾಣುವಷ್ಟು ಕೆಳಗೆ ಇಳಿದು ಹೋಯಿತು.

"ನಿನ್ನೆ ಮಲಗಿದ್ದಾಗ ಇದೇ ಸದ್ದು ಕೇಳ್ತಿತ್ತಲ್ಲೇ" ಎಂದರು ಅಜ್ಜಮ್ಮ.

"ಹೂಂನಕ್ಕ. ಹತ್ರ ಬಂದೀವಿ."

ಧರ್ಮಶಾಲೆಯ ಬಾಗಿಲಿಗೆ ಬಂದಾಗ ಚುಕ್ಕೆ ಗುರುತನ್ನು ಮುಟ್ಟಿತು. ಅಂಗಳ ಖಾಲಿ. ಕಾವಲುಗಾರ ಕೈ ಅಲ್ಲಾಡಿಸಿದ; ಯಾರೂ ಬಂದಿಲ್ಲ. ಗಾದ್ರಮ್ಮ ಅಜ್ಜಮ್ಮನನ್ನು ಜಗಲಿಯ ಮೇಲೆ ಕೂರಿಸಿ ತಾವು ಬಾಗಿಲಲ್ಲೇ ನಿಂತರು. ಬಸ್ಸು ಪೋಖರಾಕ್ಕೆ ಹೊರಟೇ ಬಿಟ್ಟಿದ್ದರೆ? ಕೂರಬೇಕೆಂಬ ಕಟ್ಟುಪಾಡು ಗೊತ್ತಿದ್ದರೂ ಕೂರಲಾಗಲಿಲ್ಲ.

ಅಜ್ಜಮ್ಮ ಎಲೆಯಡಿಕೆ ಚೀಲ ಬಿಚ್ಚಿ ಒಂದು ಹೋಳು ಮುರಿದು ಕೊಡುವಷ್ಟರಲ್ಲಿ ತಿರುವಿನಲ್ಲಿ ಹಾರನ್ ಕೇಳಿತು. ಬಸ್ಸು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ ಹೊನ್ನೂರಮ್ಮ, ಸಂಘದ ಹಿರಿಯಾಕೆ, ಇಳಿಯುವ ಮೊದಲೇ ಬೈಗುಳ ಶುರು ಮಾಡಿದ್ದರು.

"ಏ ನಕ್ಷೆ ಗೌಡ್ತಿ, ಎಲ್ಲೇ ಹೋಗಿದ್ದೆ? ಈ ಹುಡುಗ ಪೊಲೀಸ್ ಸ್ಟೇಷನ್‌ಗೆ ಹೊಂಟಿದ್ದ. ಗಾದ್ರಿ ಕುರಿಯವರ ಮಗಳು, ತಪ್ಪಿದ್ರೆ ನಿನ್ನೆ ತಂಗಿದ್ದಲ್ಲಿಗೇ ಹೋಗ್ತಾಳೆ, ತಿರುಗ್ಸೋ ಗಾಡಿ ಅಂದೆ."

ಹೊನ್ನೂರಮ್ಮನೂ ಹುಟ್ಟಿದ್ದು ಕುರಿಯವರ ಹಟ್ಟಿಯಲ್ಲೇ. ಬಸ್ಸು ಪೇಟೆಯ ಗಾಡಿಗಳ ನಡುವೆ ತೆವಳಿ ಬರುವಷ್ಟರಲ್ಲಿ ಇವರು ಗಲ್ಲಿಯಲ್ಲಿ ನಡೆದೇ ಮೊದಲು ಮುಟ್ಟಿದ್ದರು. ಪ್ರದೀಪ್ ಇಳಿದವನೇ ಜಗಲಿಯ ಮೇಲೆ ಕುಸಿದು ಕುಳಿತ. ಬೈಯಲಿಲ್ಲ. ಕಣ್ಣು ಒರೆಸಿಕೊಂಡು, "ಹೆಂಗೆ ಬಂದ್ರಿ ಗಾದ್ರಮ್ಮಾರೆ? ಯಾರ್ ಕರ್ಕಂಡು ಬಂದ್ರು?" ಎಂದ.

ಅಜ್ಜಮ್ಮ ಎಲೆಯಡಿಕೆ ಜಗಿಯುತ್ತ ಉತ್ತರ ಕೊಟ್ಟರು: "ಯಾರ್ ಕರ್ಕಂಡು ಬರ್ತಾರೆ? ಇವ್ಳೇ ಕರ್ಕಂಡು ಬಂದ್ಲು. ಫೋನು ಇವ್ಳ ಹಿಂದೆ ಬಂತು."

ಗಾದ್ರಮ್ಮ ಮೊದಲು ಮಾಡಿದ ಕೆಲಸ ಪ್ರದೀಪನ ನಂಬರನ್ನು ಫೋನಿಗೆ ಹಾಕಿಸಿಕೊಂಡದ್ದು.

ಊರಿಗೆ ಮರಳಿದ ದಿನ ಅವರು ತಮ್ಮ ಮನೆಯ ಮುಂದೆಯೇ ಹಾದು, ಒಳಗೆ ಕಾಲಿಡದೆ, ಅಜ್ಜಮ್ಮನನ್ನು ಆಂಜನೇಯನ ಎದುರು ನಿಲ್ಲಿಸಿದರು. ಕಳೆದುಹೋದ ಕಥೆಯನ್ನೂ ಬಚ್ಚಿಡದೆ ಹೇಳಿದರು. ಆಂಜನೇಯ ತಾಯಿಯ ಕೈಚೀಲ ಇಳಿಸಿಕೊಂಡು, "ಚಿಗವ್ವ, ಮುಂದಿನ ಸಲ ಹೋದ್ರೆ ನಮ್ಮತ್ತೇನೂ ಕರ್ಕಂಡು ಹೋಗು" ಎಂದ. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಬಿರುದನ್ನು ಯಾರೂ ಪಡೆದದ್ದು ಕಾಣೆ.

ಆಮೇಲೆ ಪ್ರದೀಪ್ ಹೆಂಗಸರ ತಂಡ ಹೊರಟಾಗಲೆಲ್ಲ ಗಾದ್ರಮ್ಮನನ್ನು ಜೊತೆಗೆ ಕರೆಯತೊಡಗಿದ. ಅವರು ಶ್ರೀಲಂಕಾ ನೋಡಿದರು, ಭೂತಾನ್ ನೋಡಿದರು. ಕ್ಯಾಂಡಿಯ ಪೇಟೆಯಲ್ಲಿ ತಂಡವನ್ನು ಮುಂದೆ ನಿಂತು ನಡೆಸುತ್ತಿರುವ ಚಿತ್ರವನ್ನು ಗಂಗೋತ್ರಿ ಆಸ್ಪತ್ರೆಯವರಿಗೆಲ್ಲ ತೋರಿಸಿದಳಂತೆ. ತಿಪ್ಪೇಶಪ್ಪನವರು ಬಂದವರೆದುರು, "ನಮ್ಮನೆಯಾಕೆ ಊರಾಗಿಲ್ರಿ, ಫಾರಿನ್‌ಗೆ ಹೋಗ್ಯಾಳೆ" ಎಂದು ಹೇಳುವಾಗ ಮೀಸೆಯ ಮೇಲೆ ಕೈ ಹೋಗುವುದನ್ನು ಕಣ್ಣಾರೆ ಕಂಡದ್ದುಂಟು.

ಈಗ ವಿಯೆಟ್ನಾಂ ಪ್ರವಾಸದ ತಯಾರಿ ನಡೆದಿದೆ. ಹೊರಡುವ ಮುನ್ನ ಗಾದ್ರಮ್ಮ ಪ್ರತಿ ತಂಡಕ್ಕೂ ನಮ್ಮ ಸೀಮೆಯಲ್ಲೇ ತರಬೇತಿ ಕೊಡುತ್ತಾರೆ. ಚನ್ನಗಿರಿಯ ಹೆಂಗಸರನ್ನು ನ್ಯಾಮತಿಯಲ್ಲಿ ಇಳಿಸಿ, ಅವರ ಫೋನಿನ ಧ್ವನಿ ಅಡಗಿಸಿ, ಸೂರಗೊಂಡನಕೊಪ್ಪಕ್ಕೆ ನೀವೇ ದಾರಿ ಹುಡುಕಿಕೊಂಡು ಬನ್ನಿ ಎಂದು ಬಿಟ್ಟುಬಿಡುತ್ತಾರೆ. ತಾವು ಮುಂಚೆಯೇ ಹೋಗಿ ಮರದ ನೆರಳಲ್ಲಿ ಮಂಡಕ್ಕಿ ಕಲಸಿಟ್ಟುಕೊಂಡು ಕಾಯುತ್ತಾರೆ. ಕಳೆದ ಭಾನುವಾರ ಅವರು ಹಾಗೆ ಕುಳಿತಿರುವಾಗ ದೂರದ ದಾರಿಯಲ್ಲಿ ನಾಲ್ಕೈದು ಸೀರೆಗಳ ಬಣ್ಣ ಕಾಣಿಸಿತು. ಮುಂದಿದ್ದಾಕೆ ಕವಲಿನಲ್ಲಿ ನಿಂತು, ಫೋನು ನೋಡಿ, ನೆಲದ ಮೇಲಿನ ತನ್ನ ನೆರಳು ನೋಡಿ, ಸರಿಯಾದ ಕಡೆಗೆ ತಿರುಗಿದಳು. ಗಾದ್ರಮ್ಮ ಎದ್ದು ನಿಂತು ಮಂಡಕ್ಕಿಯ ಮೇಲಿನ ಬಟ್ಟೆ ತೆಗೆದರು.